ಫೈನಲ್ ಸೋತ ರಾತ್ರಿ, ಆಮೇಲಿನ ದಿನಗಳು
ಓದುಗರ ಪ್ರಶ್ನೆಗಳಿಗೆ ನಮ್ಮ ಕ್ರೀಡಾ ಮನಶ್ಶಾಸ್ತ್ರ ಬಳಗದ ಉತ್ತರ

ಈ ಸಂಚಿಕೆಗೆ ಆಯ್ದುಕೊಂಡ ಪತ್ರಗಳೆಲ್ಲ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದ ಸಂಕಟದ ಬಗ್ಗೆಯೇ ಇವೆ. ಬರೆದವರಲ್ಲಿ ಆಡಿದವರಿದ್ದಾರೆ, ಆಡಿಸಿದವರಿದ್ದಾರೆ, ನೋಡಿ ಅತ್ತವರೂ ಇದ್ದಾರೆ. ನಮ್ಮ ಉತ್ತರಗಳಲ್ಲಿ ಸರದಿಯ ಮಾತು ಮತ್ತೆ ಮತ್ತೆ ಬರುತ್ತದೆ. ಮೊದಲ ರಾತ್ರಿ ಮಾಡಬೇಕಾದ್ದು ಬೇರೆ, ಹತ್ತನೇ ದಿನ ಮಾಡಬೇಕಾದ್ದು ಬೇರೆ. ಹತ್ತನೇ ದಿನದ ಮದ್ದನ್ನು ಮೊದಲ ರಾತ್ರಿಯೇ ಕುಡಿಸಿದರೆ ಗಾಯ ಇನ್ನಷ್ಟು ಉರಿಯುತ್ತದೆ.

ಪ್ರಶ್ನೆ: ನಾನು ವಾಲಿಬಾಲ್ ಆಟಗಾರ. ಚಾಂಪಿಯನ್‌ಶಿಪ್ ಫೈನಲ್‌ನ ಐದನೇ ಸೆಟ್‌ನಲ್ಲಿ 13-14 ಇದ್ದಾಗ ನಾನು ಮಾಡಿದ ಸರ್ವ್ ನೆಟ್‌ಗೆ ಬಡಿದು ನಮ್ಮ ಕಡೆಯೇ ಬಿತ್ತು. ಪಂದ್ಯ ಮುಗಿಯಿತು. ಒಂಬತ್ತು ದಿನವಾಯಿತು, ಕಣ್ಣು ಮುಚ್ಚಿದರೆ ಅದೇ ಚೆಂಡು. ತಂಡದವರು ಒಂದು ಮಾತೂ ಅಂದಿಲ್ಲ, ಅದೇ ಇನ್ನೂ ಹಿಂಸೆ. ಈಗ ಅಭ್ಯಾಸದಲ್ಲೂ ಸರ್ವ್‌ಗೆ ನಿಂತರೆ ಕೈ ನಡುಗುತ್ತದೆ.

ನಿಮ್ಮ ಮನಸ್ಸು ಒಂದು ತಪ್ಪು ಲೆಕ್ಕ ಬರೆದುಕೊಂಡಿದೆ. ಅದನ್ನು ಮೊದಲು ತಿದ್ದೋಣ. ಐದು ಸೆಟ್‌ಗಳ ಪಂದ್ಯದಲ್ಲಿ ಹೆಚ್ಚುಕಡಿಮೆ 200 ಪಾಯಿಂಟ್ ಆಡುತ್ತೀರಿ. ಸೋತ ತಂಡ ಅದರಲ್ಲಿ ನೂರರ ಆಸುಪಾಸು ಪಾಯಿಂಟ್ ಎದುರಾಳಿಗೆ ಕೊಟ್ಟಿರುತ್ತದೆ. ನಿಮ್ಮ ಸರ್ವ್ ಆ ನೂರರಲ್ಲಿ ಒಂದು. ಅದು ಕೊನೆಯದಾಗಿತ್ತು, ಅಷ್ಟೇ. ಕೊನೆಯದೇ ಕಾರಣವಲ್ಲ. ಆದರೆ ತೀವ್ರ ಭಾವನೆಯ ಗಳಿಗೆಯಲ್ಲಿ ಮೈಯಲ್ಲಿ ಅಡ್ರಿನಲಿನ್ ಉಕ್ಕಿರುತ್ತದೆ, ಆಗ ಕಂಡದ್ದು ಮೆದುಳಿನಲ್ಲಿ ಆಳವಾಗಿ ಅಚ್ಚೊತ್ತುತ್ತದೆ. ಉಳಿದ 199 ಮಸುಕಾಗುತ್ತವೆ, ಒಂದು ಮಾತ್ರ ಹೊಳೆಯುತ್ತದೆ. ಕಣ್ಣ ಮುಂದೆ ಅದೊಂದೇ ಇರುವುದರಿಂದ ಅದರಿಂದಲೇ ಸೋತೆವು ಅನ್ನಿಸುತ್ತದೆ.

ಇಂಥ ತಪ್ಪು ಲೆಕ್ಕ ಇಡೀ ದೇಶವೇ ಮಾಡಿದ ಉದಾಹರಣೆಗಳಿವೆ. 1950ರ ಫುಟ್‌ಬಾಲ್ ವಿಶ್ವಕಪ್‌ನ ಕೊನೆಯ ಪಂದ್ಯದಲ್ಲಿ ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಮರಕಾನಾ ಮೈದಾನದಲ್ಲಿ 79ನೇ ನಿಮಿಷಕ್ಕೆ ಉರುಗ್ವೆಯ ಗಿಗ್ಗಿಯಾ ಎರಡನೇ ಗೋಲು ಹೊಡೆದ. ಆಗಲೂ ಇನ್ನು ಹತ್ತು ನಿಮಿಷ ಆಟ ಉಳಿದಿತ್ತು, ಸಮ ಮಾಡಲು ಒಂದೇ ಗೋಲು ಬೇಕಿತ್ತು. ಹತ್ತು ಜನಕ್ಕೆ ಅದು ಆಗಲಿಲ್ಲ, ಅಪವಾದ ಮಾತ್ರ ಗೋಲ್‌ಕೀಪರ್ ಬಾರ್ಬೋಸಾ ಒಬ್ಬನ ಹೆಗಲಿಗೆ ಬಿತ್ತು. 2000ದಲ್ಲಿ ಸಾಯುವವರೆಗೂ ಆತ ಅದನ್ನು ಹೊತ್ತ. 1994ರ ವಿಶ್ವಕಪ್‌ನ ಬ್ರೆಜಿಲ್-ಇಟಲಿ ಫೈನಲ್ ಎಂದರೆ ಜನಕ್ಕೆ ನೆನಪಾಗುವುದು ರೊಬರ್ಟೊ ಬಾಜಿಯೊ ಗೋಲುಕಂಬದ ಮೇಲಿಂದ ಆಚೆ ಕಳಿಸಿದ ಪೆನಾಲ್ಟಿ. ಅವನಿಗಿಂತ ಮೊದಲು ಇಟಲಿಯ ಬರೇಸಿ ಮತ್ತು ಮಸ್ಸಾರೊ ಕೂಡ ಗೋಲು ಗಳಿಸಿರಲಿಲ್ಲ. ಬಾಜಿಯೊ ಗೋಲು ಹೊಡೆದಿದ್ದರೂ ಲೆಕ್ಕ 3-3 ಆಗುತ್ತಿತ್ತು, ಬ್ರೆಜಿಲ್ ಕೈಯಲ್ಲಿ ಇನ್ನೊಂದು ಒದೆತ ಬಾಕಿ ಇತ್ತು. ಕೋಟ್ಯಂತರ ಜನ ನೋಡಿದ ಪಂದ್ಯದ ಲೆಕ್ಕವೇ ಹೀಗೆ ತಪ್ಪುತ್ತದೆ ಎಂದರೆ, ಮಧ್ಯರಾತ್ರಿ ನಿಮ್ಮ ತಲೆಯೊಳಗೆ ನಡೆಯುವ ವಿಚಾರಣೆಯನ್ನು ನಂಬುವುದು ಹೇಗೆ?

ಹಾಗಾಗಿ ಸ್ಕೋರ್ ಶೀಟ್ ತರಿಸಿ. ನಿಮ್ಮ ತಂಡ ಸರ್ವ್‌ನಲ್ಲಿ ಕಳೆದುಕೊಂಡ ಪಾಯಿಂಟ್‌ಗಳೆಷ್ಟು, ಹೊರಗೆ ಹೋದ ಅಟ್ಯಾಕ್‌ಗಳೆಷ್ಟು, ಎದುರಾಳಿ ಬ್ಲಾಕ್ ಮಾಡಿ ಗಳಿಸಿದ್ದೆಷ್ಟು ಎಂದು ಎಣಿಸಿ. ಜೋರಾಗಿ ಜಂಪ್ ಸರ್ವ್ ಮಾಡುವ ತಂಡ ಐದು ಸೆಟ್‌ಗಳಲ್ಲಿ ಹತ್ತು ಹದಿನೈದು ಸರ್ವ್ ಕಳೆದುಕೊಳ್ಳುವುದು ಸಾಮಾನ್ಯ. ಇದನ್ನು ಹಗಲಲ್ಲಿ, ಇನ್ನೊಬ್ಬರ ಜೊತೆ ಕುಳಿತು ಮಾಡಿ. ರಾತ್ರಿ ಒಬ್ಬರೇ ಮಾಡಿದರೆ ಎಣಿಕೆ ಹೋಗಿ ಮತ್ತೆ ಕೊರಗೇ ಆಗುತ್ತದೆ.

ಬರವಣಿಗೆಯೂ ಸಹಾಯ ಮಾಡುತ್ತದೆ. ಸತತ ನಾಲ್ಕು ದಿನ, ದಿನಕ್ಕೆ 15ರಿಂದ 20 ನಿಮಿಷ, ಆ ಪಂದ್ಯದ ಬಗ್ಗೆ ಮನಸ್ಸಿಗೆ ಬಂದದ್ದನ್ನೆಲ್ಲ ಕೈಯಲ್ಲಿ ಬರೆಯಿರಿ. ವ್ಯಾಕರಣ ನೋಡಬೇಡಿ, ಯಾರಿಗೂ ತೋರಿಸಬೇಡಿ, ಬೇಕಾದರೆ ಹರಿದುಹಾಕಿ. ಬರೆದ ತಕ್ಷಣ ಮನಸ್ಸು ಇನ್ನಷ್ಟು ಭಾರವಾಗುವುದು ಸಹಜ, ಅರ್ಧ ಗಂಟೆ ಒಂದು ಗಂಟೆಯಲ್ಲಿ ಇಳಿಯುತ್ತದೆ. ಆದ್ದರಿಂದ ಮಲಗುವ ಮುಂಚೆ ಬೇಡ, ಸಂಜೆಯೊಳಗೆ ಮುಗಿಸಿ. ಭಾರ ಇಳಿಯದೆ ದಿನದಿಂದ ದಿನಕ್ಕೆ ಏರಿದರೆ ಬರೆಯುವುದನ್ನು ನಿಲ್ಲಿಸಿ.

ತಂಡದವರ ಮೌನವನ್ನು ನೀವು ದೂರು ಎಂದು ಓದುತ್ತಿದ್ದೀರಿ. ಹೆಚ್ಚಿನ ಸಲ ಅವರಿಗೆ ಏನು ಹೇಳಬೇಕೋ ತಿಳಿದಿರುವುದಿಲ್ಲ, ಗಾಯ ಕೆದಕಿದಂತಾಗುತ್ತದೆ ಎಂದು ಹೆದರಿರುತ್ತಾರೆ. ಮೊದಲ ಮಾತು ನೀವೇ ಆಡಿ. "ಆ ಸರ್ವ್ ನನ್ನ ತಲೆಯಿಂದ ಹೋಗ್ತಾ ಇಲ್ಲ. ನೀವು ಅದರ ಬಗ್ಗೆ ಮಾತಾಡಿದ್ರೆ ನನಗೇನೂ ಬೇಜಾರಿಲ್ಲ." ಇಷ್ಟು ಸಾಕು. "ಕ್ಷಮಿಸಿ, ನನ್ನಿಂದಲೇ ಸೋತೆವು" ಎನ್ನಬೇಡಿ. ಅದು ನಿಜವಲ್ಲ, ಜೊತೆಗೆ ನಿಮ್ಮನ್ನು ಸಮಾಧಾನ ಮಾಡುವ ಹೊರೆಯನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ.

ಇನ್ನು ಕೈ ನಡುಗುವುದು. ಭಯದಲ್ಲಿ ಎಡಗೈ ಬಿಗಿದಾಗ ಟಾಸ್ (ಹೊಡೆಯಲು ಚೆಂಡನ್ನು ಮೇಲಕ್ಕೆ ಎಸೆಯುವುದು) ತಗ್ಗುತ್ತದೆ, ಬಲಗೈ ತಲುಪುವಷ್ಟರಲ್ಲಿ ಚೆಂಡು ಇಳಿದಿರುತ್ತದೆ, ಮೊಣಕೈ ಕುಸಿಯುತ್ತದೆ, ಚೆಂಡು ನೇರ ನೆಟ್‌ಗೆ. ಫೈನಲ್‌ನಲ್ಲಿ ಆದದ್ದೂ ಬಹುಶಃ ಇದೇ. ಹಾಗಾಗಿ ಹೊಡೆತ ಬಿಟ್ಟು ಟಾಸ್‌ನಿಂದ ಶುರುಮಾಡಿ. ಹೊಡೆಯುವ ಭುಜದ ಮುಂದೆ ಸುಮಾರು ಒಂದು ಅಡಿ ದೂರದಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. 30 ಸಲ ಟಾಸ್ ಮಾಡಿ, ಹೊಡೆಯಬೇಡಿ, ಚೆಂಡು ಗುರುತಿನ ಮೇಲೆ ಬೀಳಲಿ. ಮೂವತ್ತರಲ್ಲಿ ಇಪ್ಪತ್ತೈದು ಅಲ್ಲೇ ಬೀಳುವವರೆಗೆ ಮುಂದೆ ಹೋಗಬೇಡಿ. (ಇದು ನಿಂತು ಮಾಡುವ ಫ್ಲೋಟ್ ಸರ್ವ್‌ನ ಅಳತೆ. ಜಂಪ್ ಸರ್ವ್‌ನ ಟಾಸ್ ಇನ್ನೂ ಮುಂದೆ ಬೀಳಬೇಕು.) ಎರಡನೇ ಹಂತದಲ್ಲಿ ಗೋಡೆಗೆ 20 ಸರ್ವ್. ಮೂರನೆಯದರಲ್ಲಿ ಖಾಲಿ ಅಂಕಣದಲ್ಲಿ ನೆಟ್ ಮೇಲೆ 20.

ಜೊತೆಗೆ ಒಂದು ಕ್ರಮ ಕಟ್ಟಿಕೊಳ್ಳಿ. ವಿಸಿಲ್ ಆದ ಮೇಲೆ ನಿಮಗೆ ಸಿಗುವುದು 8 ಸೆಕೆಂಡ್. ಚೆಂಡನ್ನು ಎರಡು ಸಲ ನೆಲಕ್ಕೆ ಬಡಿಯುವುದು, ಒಂದು ದೀರ್ಘ ಉಸಿರು ಹೊರಬಿಡುವುದು, ಎದುರಿನ ಅಂಕಣದಲ್ಲಿ ಒಂದು ಜಾಗದ ಮೇಲೆ ಕಣ್ಣು ನೆಡುವುದು, ಸರ್ವ್. ಆರು ಸೆಕೆಂಡ್‌ನಲ್ಲಿ ಮುಗಿಯಬೇಕು. ಗಮನ ಆ ಜಾಗದ ಮೇಲಿರಲಿ. ಮಣಿಕಟ್ಟು ಹೇಗಿದೆ, ಮೊಣಕೈ ಎಲ್ಲಿದೆ ಎಂದು ನೋಡಿಕೊಳ್ಳಹೊರಟರೆ ವರ್ಷಗಟ್ಟಲೆ ತಾನಾಗಿ ನಡೆಯುತ್ತಿದ್ದ ಚಲನೆ ತುಂಡುತುಂಡಾಗುತ್ತದೆ.

ಕೊನೆಯ ಹಂತವೇ ಮುಖ್ಯ. ಅಭ್ಯಾಸ ಮುಗಿದು ಎಲ್ಲರೂ ದಣಿದಿರುವಾಗ, ತಂಡವೆಲ್ಲ ನೋಡುತ್ತಿರುವಾಗ, ಯಾರಾದರೂ "13-14" ಎಂದು ಕೂಗಲಿ. ನಿಮಗೆ ಒಂದೇ ಸರ್ವ್. ಒಳಗೆ ಬಿದ್ದರೂ ಸರಿ, ನೆಟ್‌ಗೆ ಬಡಿದರೂ ಸರಿ, ಇನ್ನೊಂದು ಕೇಳಬೇಡಿ, ಚೆಂಡು ಎತ್ತಿಕೊಂಡು ನಡೆದುಬನ್ನಿ. ತಪ್ಪಿದ ಮೇಲೂ ಕಾಲಮೇಲೆ ನಡೆದುಬರಬಹುದು ಎಂಬುದನ್ನು ಮೈ ಕಲಿಯಬೇಕಾದ್ದು ಇಲ್ಲೇ. ಎಂಟು ಹತ್ತು ದಿನ, ದಿನಕ್ಕೆ ಒಂದು.

ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿ ಇಲ್ಲದ ಸ್ಥಿತಿ ಎರಡು ವಾರ ದಾಟಿದರೆ ಮನೋವೈದ್ಯರನ್ನು ಕಾಣಲೇಬೇಕು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ. ಅವತ್ತೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ, ವೈದ್ಯರ ಬಳಿ ಹೋಗಿ.

ಪ್ರಶ್ನೆ: ಹದಿನಾರು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ತಂಡದ ಕೋಚ್ ನಾನು. ಫೈನಲ್ ಪೆನಾಲ್ಟಿಯಲ್ಲಿ ಹೋಯಿತು. ಡ್ರೆಸ್ಸಿಂಗ್ ರೂಮಿನಲ್ಲಿ ನನಗೆ ಮಾತೇ ಹೊರಡಲಿಲ್ಲ. ಮುಂದೆ ಇಂಥ ದಿನ ಬಂದರೆ ಏನು ಹೇಳಬೇಕು?

ಮಾತು ಹೊರಡದಿದ್ದುದಕ್ಕೆ ನೊಂದುಕೊಳ್ಳಬೇಡಿ. ಅವತ್ತು ಹೆಚ್ಚು ಮಾತಾಡಿದ ಕೋಚ್‌ಗಳೇ ಹೆಚ್ಚು ಕೆಡಿಸುವುದು.

ಡ್ರೆಸ್ಸಿಂಗ್ ರೂಮಿಗಿಂತ ಮೊದಲು ಬಹುಮಾನ ವಿತರಣೆ ಇರುತ್ತದೆ. ಬೆವರು ಆರಿ ಮೈ ತಣ್ಣಗಾಗುತ್ತಿರುವಾಗ ಮಕ್ಕಳು ಗೆದ್ದವರ ಸಂಭ್ರಮ ನೋಡುತ್ತ ಅರ್ಧ ಗಂಟೆ ನಿಲ್ಲಬೇಕಾಗಬಹುದು. ಎಲ್ಲರಿಗೂ ಜಾಕೆಟ್ ಹಾಕಿಸಿ, ನೀರು ಕೊಡಿ, ಒಟ್ಟಿಗೆ ನಿಲ್ಲಿಸಿ. ಒದೆತ ತಪ್ಪಿದ ಹುಡುಗಿ ಮೈದಾನದ ಮಧ್ಯೆ ಒಬ್ಬಳೇ ಕೂರದ ಹಾಗೆ ನೋಡಿಕೊಳ್ಳಿ. ಅವಳ ಪಕ್ಕ ಒಬ್ಬರಿದ್ದರೆ ಸಾಕು, ಉಪದೇಶ ಬೇಡ. 1993ರ ವಿಂಬಲ್ಡನ್ ಫೈನಲ್‌ನ ಮೂರನೇ ಸೆಟ್‌ನಲ್ಲಿ 4-1 ಮುಂದಿದ್ದು ಸ್ಟೆಫಿ ಗ್ರಾಫ್‌ಗೆ ಸೋತ ಯಾನಾ ನೊವೊಟ್ನಾ, ಎರಡನೇ ಸ್ಥಾನದ ತಟ್ಟೆ ತೆಗೆದುಕೊಳ್ಳುವಾಗ ಬ್ರಿಟಿಷ್ ರಾಜಮನೆತನದ ಡಚೆಸ್ ಆಫ್ ಕೆಂಟ್ ಅವರ ಹೆಗಲಿಗೆ ಮುಖವಿಟ್ಟು ಅತ್ತರು. ಆ ಹೊತ್ತಿಗೆ ಬೇಕಾದ್ದು ಹೆಗಲು.

ಒಳಗೆ ಬಂದ ಮೇಲೆ ಒಂದೂವರೆ ನಿಮಿಷ ಮೀರದಂತೆ ಮೂರು ಮಾತು ಹೇಳಿ. "ಇದು ನೋಯುತ್ತೆ, ನೋಯಲೇಬೇಕು." "ನಾವು ಪೆನಾಲ್ಟಿಯಲ್ಲಿ ಸೋತೆವು." "ಇವತ್ತು ಆಟದ ಬಗ್ಗೆ ಮಾತಿಲ್ಲ, ಗುರುವಾರ ಸಂಜೆ ಸೇರೋಣ." ಎರಡನೆಯ ಮಾತಿನಲ್ಲಿ 'ನಾವು' ಎಂಬುದಕ್ಕೆ ಒತ್ತು ಕೊಡಿ. ಮೂರನೆಯದರಲ್ಲಿ ದಿನವನ್ನು ಖಚಿತವಾಗಿ ಹೇಳಿ, ಇಲ್ಲದಿದ್ದರೆ ಬೈಗುಳ ಯಾವಾಗ ಬರುತ್ತದೋ ಎಂದು ಕಾಯುತ್ತಲೇ ಇರುತ್ತಾರೆ. "ಪರವಾಗಿಲ್ಲ ಬಿಡಿ" ಎನ್ನಬೇಡಿ, ಅವರಿಗೆ ಅದು ದೊಡ್ಡ ನೋವೇ. "ಮುಂದಿನ ಸಲ ಗೆಲ್ಲೋಣ" ಎನ್ನಬೇಡಿ, ವಯಸ್ಸಿನ ಮಿತಿ ದಾಟುವವರಿಗೆ ಈ ತಂಡದಲ್ಲಿ ಮುಂದಿನ ಸಲ ಇಲ್ಲ. "ಅಳಬೇಡಿ" ಎಂದಂತೂ ಬೇಡವೇ ಬೇಡ. ಒದೆತ ತಪ್ಪಿದವಳನ್ನು ಎಲ್ಲರೆದುರು ಹೆಸರಿಟ್ಟು ಸಮಾಧಾನ ಮಾಡುವುದೂ ತಪ್ಪು. ಹೊಗಳಿದರೂ ಬೆರಳು ಅವಳ ಕಡೆಗೇ ತೋರಿದಂತೆ.

ಫೋನ್ ಇವತ್ತಿನ ದೊಡ್ಡ ಅಪಾಯ. 2021ರ ಜುಲೈನಲ್ಲಿ ನಡೆದ ಯೂರೋ ಫೈನಲ್‌ನಲ್ಲಿ ಇಂಗ್ಲೆಂಡಿನ ರ‍್ಯಾಶ್‌ಫರ್ಡ್, ಸ್ಯಾಂಚೊ, ಸಾಕಾ ಪೆನಾಲ್ಟಿ ತಪ್ಪಿದ ಕೆಲವೇ ಹೊತ್ತಿನಲ್ಲಿ ಅವರ ಖಾತೆಗಳಿಗೆ ಜನಾಂಗೀಯ ನಿಂದನೆ ಹರಿದುಬಂತು. ಹದಿನೈದರ ಹುಡುಗಿಗೆ ಅಂಥ ನಾಲ್ಕು ಮಾತು ಸಾಕು. ಮನೆಯವರಿಗೆ ಮೊದಲೇ ಹೇಳಿಡಿ, ಆ ರಾತ್ರಿ ಕಾಮೆಂಟ್ ಮುಚ್ಚಿಸಲಿ, ಬಂದದ್ದನ್ನು ದೊಡ್ಡವರೇ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಬ್ಲಾಕ್ ಮಾಡಲಿ. ಮಲಗುವ ಮುಂಚೆ ನಿಮ್ಮಿಂದ ಅವಳಿಗೊಂದು ಚಿಕ್ಕ ಸಂದೇಶ ಹೋಗಲಿ. "ಊಟ ಆಯ್ತಾ?" ಎಂದಾದರೂ ಸರಿ.

ವಿಮರ್ಶೆ ಮೂರನೇ ಅಥವಾ ನಾಲ್ಕನೇ ದಿನ, 40 ನಿಮಿಷ. ಕೇಳಬೇಕಾದ್ದು ಮೂರೇ: ಯಾವುದು ನಮ್ಮ ಕೈಯಲ್ಲಿತ್ತು, ಯಾವುದು ಇರಲಿಲ್ಲ, ಸೋಮವಾರದಿಂದ ಏನು ಬದಲಾಗಬೇಕು. ಮೊದಲು ಮಕ್ಕಳು ಮಾತಾಡಲಿ, ನೀವು ಕೊನೆಗೆ. ನಿಮ್ಮ ತಪ್ಪು ಏನಾದರೂ ಇದ್ದರೆ, ಒದೆಯುವವರ ಸರದಿ ಸರಿಯಾಗಿ ಯೋಚಿಸಿರಲಿಲ್ಲ ಎಂದೋ ಏನೋ, ಅದನ್ನು ಹೇಳಿಬಿಡಿ. ಆಮೇಲೆ ಮಕ್ಕಳ ಬಾಯಿ ತಾನಾಗಿ ಬಿಚ್ಚುತ್ತದೆ.

ಪೆನಾಲ್ಟಿ ಬರೀ ಅದೃಷ್ಟ ಎಂದು ಕೈಚೆಲ್ಲಬೇಡಿ. ದೊಡ್ಡ ಟೂರ್ನಿಗಳ ಪೆನಾಲ್ಟಿಗಳನ್ನು ಎಣಿಸಿ ನೋಡಿದ ಸಂಶೋಧಕರು, ರೆಫರಿ ವಿಸಿಲ್ ಊದಿದ ಮರುಕ್ಷಣವೇ ಓಡಿಬಂದು ಒದೆಯುವವರು ಹೆಚ್ಚು ತಪ್ಪುತ್ತಾರೆ ಎಂದು ಕಂಡುಕೊಂಡಿದ್ದಾರೆ. ಆ ಆತುರ "ಬೇಗ ಮುಗಿದುಹೋಗಲಿ" ಎಂಬ ಭಯದಿಂದ ಬಂದದ್ದು. ಅಭ್ಯಾಸದಲ್ಲಿ ಎಲ್ಲರೂ ಪೆನಾಲ್ಟಿ ಚುಕ್ಕಿಯ ಪಕ್ಕದಲ್ಲೇ ಸಾಲು ನಿಂತು ಒದೆಯುತ್ತಾರೆ. ಪಂದ್ಯದಲ್ಲಿ ಮಧ್ಯವೃತ್ತದಿಂದ ಸುಮಾರು 40 ಮೀಟರ್ ಒಬ್ಬರೇ ನಡೆದು ಬರಬೇಕು. ಆ ನಡಿಗೆಯನ್ನೇ ಅಭ್ಯಾಸ ಮಾಡಿಸಿ. ಚೆಂಡು ಇಟ್ಟು, ಹಿಂದೆ ಸರಿದು, ವಿಸಿಲ್ ಆದ ಮೇಲೆ ಒಂದು ಉಸಿರು ಬಿಟ್ಟು ಒದೆಯಲಿ. ತಪ್ಪಿದರೆ ವಾಪಸ್ ಬರುವಾಗ ಇಬ್ಬರು ಎದುರುಹೋಗಿ ಕರೆತರಲಿ, ಅದೂ ಅಭ್ಯಾಸದ ಭಾಗವಾಗಲಿ. 2021ರಲ್ಲಿ ತಪ್ಪಿದ ಸಾಕಾ, 2024ರ ಯೂರೋ ಕ್ವಾರ್ಟರ್‌ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಮತ್ತೆ ಆ ಚುಕ್ಕಿಗೆ ನಡೆದುಬಂದು ಗೋಲು ಹೊಡೆದ.

ಪ್ರಶ್ನೆ: ನಾನು ಬರೀ ಅಭಿಮಾನಿ. ನನ್ನ ತಂಡ ಫೈನಲ್ ಸೋತ ಮೇಲೆ ನಾಲ್ಕು ದಿನ ಊಟ ಸೇರಲಿಲ್ಲ, ಕೆಲಸದಲ್ಲಿ ಮನಸ್ಸಿಲ್ಲ. "ಅವರಿಗೆ ದುಡ್ಡು ಸಿಗುತ್ತೆ, ನಿನಗೇನು?" ಎಂದು ಮನೆಯಲ್ಲಿ ನಗುತ್ತಾರೆ. ಇದು ಹುಚ್ಚುತನವೇ?

ಅಲ್ಲ. ವರ್ಷಗಟ್ಟಲೆ ಒಂದು ತಂಡವನ್ನು 'ನಾವು' ಎಂದು ಕರೆದವರಿಗೆ ಸೋಲು ತಮ್ಮದೇ ಆಗಿರುತ್ತದೆ. 1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಮಾತು ಗಮನಿಸಿದರು. ತಮ್ಮ ವಿಶ್ವವಿದ್ಯಾಲಯದ ತಂಡ ಗೆದ್ದಾಗ "ನಾವು ಗೆದ್ದೆವು" ಎನ್ನುವುದು ಹೆಚ್ಚು, ಸೋತಾಗ "ಅವರು ಸೋತರು" ಎಂದು ದೂರ ಸರಿಯುವುದು ಹೆಚ್ಚು. ನಿಮಗೆ ಹಾಗೆ ಸರಿಯಲು ಬರುವುದಿಲ್ಲ, ಸೋತಾಗಲೂ 'ನಾವು' ಎನ್ನುತ್ತೀರಿ. ಅದು ನಿಷ್ಠೆ. ಅದಕ್ಕೆ ತೆರಬೇಕಾದ ಬೆಲೆ ಈ ನೋವು.

ಅಭಿಮಾನಿಯ ಕಷ್ಟ ಒಂದು ರೀತಿಯಲ್ಲಿ ಆಟಗಾರನದಕ್ಕಿಂತ ವಿಚಿತ್ರ. ಆಟಗಾರನ ಮೈ ದಣಿದಿರುತ್ತದೆ, ಜೊತೆಗೆ ತಂಡವಿರುತ್ತದೆ, ತಿದ್ದಿಕೊಳ್ಳಲು ನಾಳೆ ಅಭ್ಯಾಸವಿರುತ್ತದೆ. ಅಭಿಮಾನಿಯ ಎದೆ ಅಷ್ಟೇ ಬಡಿದುಕೊಂಡಿರುತ್ತದೆ, ಆದರೆ ಕುಳಿತಲ್ಲೇ. ಇದು ಬರೀ ಮಾತಲ್ಲ. 2006ರ ಫುಟ್‌ಬಾಲ್ ವಿಶ್ವಕಪ್ ವೇಳೆ ಮ್ಯೂನಿಕ್ ಸುತ್ತಮುತ್ತ ವೈದ್ಯರು ಲೆಕ್ಕ ಇಟ್ಟರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ತೊಂದರೆಗಳು ಮಾಮೂಲಿ ದಿನಗಳ 2.66 ಪಟ್ಟು ಇದ್ದವು. ಮೊದಲೇ ಹೃದ್ರೋಗವಿದ್ದವರಿಗೆ ಅಪಾಯ ಇನ್ನೂ ಹೆಚ್ಚು. ಹೃದಯದ ಮಾತ್ರೆ ತೆಗೆದುಕೊಳ್ಳುವವರು ಫೈನಲ್ ದಿನ ಅದನ್ನು ಮರೆಯಬಾರದು. ಎದೆನೋವು, ಬೆವರು, ಎಡಗೈ ಸೆಳೆತ ಕಂಡರೆ "ಮ್ಯಾಚ್ ಟೆನ್ಷನ್" ಎಂದು ಕೂರದೆ ಆಸ್ಪತ್ರೆಗೆ ಹೋಗಬೇಕು.

ಆದ್ದರಿಂದ ಸೋತ ರಾತ್ರಿ ಮೊದಲು ಮೈಗೆ ಕೆಲಸ ಕೊಡಿ. ಕೊನೆಯ ಚೆಂಡು ಬಿದ್ದ ಹತ್ತು ನಿಮಿಷದೊಳಗೆ ಟಿವಿ ಆರಿಸಿ. ಬಹುಮಾನ ಸಮಾರಂಭ, ಪರಿಣತರ ಚರ್ಚೆ ಎರಡೂ ಬೇಡ. 20 ನಿಮಿಷ ಬಿರುಸಾಗಿ ನಡೆಯಿರಿ. ಏನಾದರೂ ತಿನ್ನಿ. ಕಾಫಿ ಬೇಡ, ಕುಡಿದ ಕೆಫೀನ್‌ನ ಅರ್ಧದಷ್ಟು ಐದು ಗಂಟೆ ಕಳೆದರೂ ರಕ್ತದಲ್ಲೇ ಇರುತ್ತದೆ. ಮದ್ಯ ನಿದ್ದೆ ತರಿಸಿದಂತೆ ಮಾಡಿ ನಡುರಾತ್ರಿ ಎಬ್ಬಿಸುತ್ತದೆ, ಎಚ್ಚರಾದೊಡನೆ ಮೊದಲು ನೆನಪಾಗುವುದು ಆ ಪಂದ್ಯವೇ.

ಮರುದಿನದ ಶತ್ರು ಫೋನ್. ತಪ್ಪಿದ ಕ್ಯಾಚ್‌ನ ವಿಡಿಯೊ ಒಂದು ಸಲ ಪೂರ್ತಿ ನೋಡಿದರೆ ಅದು ನಿಮಗೆ ಅಂಥವೇ ಇನ್ನೂ ಹತ್ತು ತಂದುಕೊಡುತ್ತದೆ. ಆ್ಯಪ್ ತೆಗೆದುಹಾಕಿ ಮೂರು ದಿನ ಬಿಟ್ಟು ಮತ್ತೆ ಹಾಕಿಕೊಳ್ಳಿ, ಅಥವಾ ತಂಡದ ಹೆಸರು, ನಾಯಕನ ಹೆಸರು, ಟೂರ್ನಿಯ ಹೆಸರು ಮೂರನ್ನೂ ಮ್ಯೂಟ್ ಪಟ್ಟಿಗೆ ಸೇರಿಸಿ. ಗೆದ್ದ ತಂಡದ ಅಭಿಮಾನಿಗಳಿರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದೇ ಸಾಲು ಬರೆಯಿರಿ, "ಚೆನ್ನಾಗಿ ಆಡಿದಿರಿ, ಅಭಿನಂದನೆ." ಆಮೇಲೆ ವಾರ ಮ್ಯೂಟ್. ಆ ಒಂದು ಸಾಲು ಬರೆಯುವುದು ಕಷ್ಟ. ಆದರೆ ಬರೆದವರನ್ನು ಕೆಣಕಲು ಯಾರಿಗೂ ಹುರುಪಿರುವುದಿಲ್ಲ.

ದುಃಖವನ್ನು ನಿಮ್ಮಂತೆಯೇ ನೊಂದ ಒಬ್ಬರ ಹತ್ತಿರ ಹೇಳಿಕೊಳ್ಳಿ, ಒಬ್ಬರು ಸಾಕು. 2023ರ ನವೆಂಬರ್ 19ರಂದು ಸತತ ಹತ್ತು ಪಂದ್ಯ ಗೆದ್ದುಬಂದ ಭಾರತ ಏಕದಿನ ವಿಶ್ವಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಆರು ವಿಕೆಟ್‌ಗಳಿಂದ ಸೋತಾಗ, ತಿಂಗಳಾದ ಮೇಲೂ ಟ್ರಾವಿಸ್ ಹೆಡ್‌ನ 137 ರನ್ ನೆನೆದು ನಿದ್ದೆಗೆಟ್ಟವರಿದ್ದರು. ಮುಂದಿನ ಜೂನ್ 29ಕ್ಕೆ ಅದೇ ರೋಹಿತ್ ಶರ್ಮಾ, ಅದೇ ರಾಹುಲ್ ದ್ರಾವಿಡ್ ಇದ್ದ ತಂಡ ಬಾರ್ಬಡೋಸ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು ಏಳು ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದಿತು. ಅವತ್ತು ಆಫ್ರಿಕಾದ ಅಭಿಮಾನಿಗಳ ಪಾಲಿನ ಲೆಕ್ಕ, 30 ಚೆಂಡಿಗೆ 30 ರನ್ ಬೇಕಿದ್ದ ಪಂದ್ಯ ಕೈಬಿಟ್ಟಿತು ಎಂಬುದು. ಅವರ ನೋವು ನಿಮ್ಮದಕ್ಕಿಂತ ಕಡಿಮೆಯದಲ್ಲ.

ನಾಲ್ಕು ದಿನ ಸಹಜ. ಎರಡು ವಾರ ಕಳೆದರೂ ಊಟ, ನಿದ್ದೆ, ಕೆಲಸ ಹಳಿಗೆ ಬರದಿದ್ದರೆ ಪಂದ್ಯದ ಹಿಂದೆ ಬೇರೇನೋ ನೋವು ಅಡಗಿರಬಹುದು, ವೈದ್ಯರೊಡನೆ ಮಾತಾಡಿ.

ಪ್ರಶ್ನೆ: ತಂಡ ಸೋತರೆ ನನ್ನ ಗಂಡ ಸಾಮಾನು ಎಸೆಯುತ್ತಾರೆ, ಮಕ್ಕಳ ಮೇಲೆ ಕಿರುಚುತ್ತಾರೆ. ಹೋದ ಸಲ ನನ್ನ ಕೈ ತಿರುಚಿದರು. "ಮ್ಯಾಚ್ ಸಿಟ್ಟು, ಬೆಳಿಗ್ಗೆ ಸರಿಹೋಗುತ್ತೆ" ಎನ್ನುತ್ತಾರೆ ಅತ್ತೆ.

ಇದು ಮ್ಯಾಚ್ ಸಿಟ್ಟಲ್ಲಮ್ಮ, ಹಿಂಸೆ. ಲಕ್ಷಾಂತರ ಜನ ಅದೇ ಪಂದ್ಯ ಸೋತು, ಅತ್ತು, ಯಾರ ಕೈಯನ್ನೂ ತಿರುಚದೆ ಮಲಗಿದ್ದಾರೆ. ಅಮೆರಿಕನ್ ಫುಟ್‌ಬಾಲ್ ಪಂದ್ಯಗಳನ್ನೂ ಪೊಲೀಸ್ ದಾಖಲೆಗಳನ್ನೂ ಹೋಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗೆಲ್ಲುತ್ತದೆ ಎಂದು ನಂಬಿದ್ದ ಸ್ಥಳೀಯ ತಂಡ ಸೋತಾಗ ಗಂಡಸರು ಮನೆಯ ಹೆಂಗಸರ ಮೇಲೆ ಕೈಮಾಡುವುದು ಸುಮಾರು ಶೇ 10ರಷ್ಟು ಏರಿದ್ದು ಕಂಡಿತು. ಹಾಗಾಗಿ ನಿಮ್ಮ ಹೆದರಿಕೆ ಭ್ರಮೆಯಲ್ಲ.

ದೊಡ್ಡ ಪಂದ್ಯದ ದಿನ ಮಕ್ಕಳೊಂದಿಗೆ ನಂಬಿಕಸ್ಥರ ಮನೆಯಲ್ಲಿರುವ ಏರ್ಪಾಡು ಮೊದಲೇ ಮಾಡಿಕೊಳ್ಳಿ. ಫೋನ್ ಚಾರ್ಜ್ ಆಗಿರಲಿ. ಗುರುತಿನ ಚೀಟಿ, ಸ್ವಲ್ಪ ಹಣ, ಮನೆ ಕೀಲಿ ಒಂದು ಚೀಲದಲ್ಲಿ ಸಿದ್ಧವಿರಲಿ. ಒಬ್ಬ ಗೆಳತಿಗೋ ನೆರೆಯವರಿಗೋ ನಡೆದದ್ದನ್ನು ಈಗಲೇ ತಿಳಿಸಿಡಿ, ನೀವು ಕರೆ ಮಾಡಿದರೆ ಬರಬೇಕು ಎಂದು ಹೇಳಿಡಿ. ಸಿಟ್ಟಿನಲ್ಲಿದ್ದಾಗ ವಾದಕ್ಕಿಳಿಯಬೇಡಿ, ಬಾಗಿಲಿನ ಕಡೆ ಇರಿ. ಪೊಲೀಸ್ ಮತ್ತು ಮಹಿಳಾ ಸಹಾಯವಾಣಿಯ ಸಂಖ್ಯೆ ಬಾಯಿಪಾಠವಾಗಿರಲಿ. ಅವರು ನಿಜವಾಗಿ ಬದಲಾಗಬಯಸಿದರೆ ಆಪ್ತಸಮಾಲೋಚಕರ ಬಳಿ ತಾವಾಗಿ ಹೋಗಲಿ. ಅವರನ್ನು ಸರಿಮಾಡುವ ಹೊಣೆ ನಿಮ್ಮದಲ್ಲ.

ಪ್ರಶ್ನೆ: ಬೆಳ್ಳಿ ಗೆದ್ದವರು ಅಳುತ್ತಾರೆ, ಕಂಚು ಗೆದ್ದವರು ನಗುತ್ತಾರೆ. ಏಕೆ?

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ದೃಶ್ಯಗಳನ್ನು ಶಬ್ದವಿಲ್ಲದೆ ತೋರಿಸಿ ಯಾರ ಮುಖದಲ್ಲಿ ಎಷ್ಟು ಸಂತೋಷವಿದೆ ಎಂದು ಜನರಿಂದ ಅಂಕ ಹಾಕಿಸಿದ್ದರು. ನೀವು ಹೇಳಿದ್ದೇ ಕಂಡಿತು. ಬೆಳ್ಳಿಯವರು ಮೇಲೆ ನೋಡಿ "ಇನ್ನೊಂದು ಹೆಜ್ಜೆ" ಎಂದುಕೊಳ್ಳುತ್ತಾರೆ, ಕಂಚಿನವರು ಕೆಳಗೆ ನೋಡಿ "ಸದ್ಯ, ಪದಕ ಸಿಕ್ಕಿತು" ಎಂದುಕೊಳ್ಳುತ್ತಾರೆ. ಕುಸ್ತಿ, ಬಾಕ್ಸಿಂಗ್‌ನಂಥ ಆಟಗಳಲ್ಲಿ ಬೆಳ್ಳಿ ಸಿಗುವುದು ಸೋತು, ಇದು ಇನ್ನೂ ಕಹಿ. ನಾಲ್ಕನೇ ಸ್ಥಾನದ ಸಂಕಟ ಬೇರೆಯೇ. 1984ರ ಲಾಸ್ ಏಂಜಲೀಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರ ಕಾಲ 55.42 ಸೆಕೆಂಡ್, ಕಂಚು ಗೆದ್ದವರದು 55.41. ಹತ್ತಿರವಿದ್ದಷ್ಟೂ "ಹೀಗೆ ಮಾಡಿದ್ದರೆ" ಎಂದು ಊಹಿಸುವುದು ಸುಲಭ, ಅದಕ್ಕೇ ನೋವು ಹೆಚ್ಚು.

ಪ್ರಶ್ನೆ: ಅಂಪೈರ್ ತಪ್ಪಿನಿಂದ ಸೋತರೆ? ಅದನ್ನು ನುಂಗುವುದು ಹೇಗೆ?

ನುಂಗಬೇಡಿ, ದೂರು ಕೊಡಿ, ಆದರೆ ಗಡಿಯಾರ ನೋಡಿ ಕೊಡಿ. ಅಥ್ಲೆಟಿಕ್ಸ್‌ನಲ್ಲಿ ಫಲಿತಾಂಶದ ಅಧಿಕೃತ ಪ್ರಕಟಣೆಯಾದ 30 ನಿಮಿಷದೊಳಗೆ ಆಕ್ಷೇಪ ಸಲ್ಲಿಸಬೇಕು. ಬೇರೆ ಆಟಗಳಿಗೆ ಬೇರೆ ಗಡುವು. ಪಂದ್ಯಕ್ಕೆ ಮೊದಲೇ ಮ್ಯಾನೇಜರ್ ಅದನ್ನು ತಿಳಿದು, ಅರ್ಜಿಯನ್ನೂ ಶುಲ್ಕವನ್ನೂ ಕೈಯಲ್ಲಿಟ್ಟುಕೊಂಡಿರಬೇಕು. ಇದು ಮ್ಯಾನೇಜರ್ ಕೆಲಸ, ಆಟಗಾರರು ಅದರಲ್ಲಿ ಇಳಿಯಬಾರದು. ಬರೆಯುವಾಗ ಯಾವ ನಿಮಿಷ, ಯಾವ ನಿಯಮ, ಏನಾಯಿತು ಎಂಬುದಿರಲಿ. "ಮೋಸ" ಎಂಬ ಪದ ಬೇಡ, ಅದು ಅರ್ಜಿಯನ್ನೇ ಬಡವಾಗಿಸುತ್ತದೆ.

ಕೆಲವು ಸಲ ನಿಯಮವೇ ನ್ಯಾಯವಾಗಿರುವುದಿಲ್ಲ. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ನಡೆದ ಏಕದಿನ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್, ನ್ಯೂಜಿಲೆಂಡ್ ಎರಡೂ 241 ರನ್ ಗಳಿಸಿದವು. ಸೂಪರ್ ಓವರ್‌ನಲ್ಲಿ ಎರಡೂ 15. ಬೌಂಡರಿ ಎಣಿಸಿ, 26 ಹೊಡೆದಿದ್ದ ಇಂಗ್ಲೆಂಡಿಗೆ ಕಪ್ ಕೊಟ್ಟರು, ನ್ಯೂಜಿಲೆಂಡ್ 17 ಹೊಡೆದಿತ್ತು. ಅದೇ ಅಕ್ಟೋಬರ್‌ನಲ್ಲಿ ಐಸಿಸಿ ಆ ನಿಯಮ ಕೈಬಿಟ್ಟಿತು, ಫಲಿತಾಂಶ ಮಾತ್ರ ಹಾಗೇ ಉಳಿಯಿತು. ದೂರಿನಿಂದ ಬಹಳ ಸಲ ಸಿಗುವುದು ಇಷ್ಟೇ, ಮುಂದೆ ಬರುವವರಿಗೆ ಒಳ್ಳೆಯ ನಿಯಮ. ಆದ್ದರಿಂದ ದೂರಿನ ಫಲ ಬರುವವರೆಗೆ ದುಃಖವನ್ನು ಮುಂದೂಡಬೇಡಿ. ಎರಡೂ ಬೇರೆ ಬೇರೆ ದಾರಿಯಲ್ಲಿ ನಡೆಯಲಿ.

ಪ್ರಶ್ನೆ: ಮೂರನೇ ಫೈನಲ್ ಸೋತೆ. ಆಟ ಬಿಟ್ಟುಬಿಡಬೇಕು ಅನ್ನಿಸುತ್ತಿದೆ.

ಬಿಡಬಹುದು, ತಪ್ಪೇನಿಲ್ಲ. ಈ ವಾರ ಮಾತ್ರ ಬೇಡ. 2014, 2015, 2016, ಮೂರು ವರ್ಷ ಮೂರು ಫೈನಲ್ ಸೋತ ಲಿಯೊನೆಲ್ ಮೆಸ್ಸಿ, ಮೂರನೆಯದರಲ್ಲಿ ಪೆನಾಲ್ಟಿ ತಪ್ಪಿದ ರಾತ್ರಿಯೇ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ. ಆಗಸ್ಟ್‌ನಲ್ಲಿ ಮಾತು ಹಿಂತೆಗೆದುಕೊಂಡ. 2021ರಲ್ಲಿ ಕೋಪಾ ಅಮೆರಿಕ, 2022ರಲ್ಲಿ ವಿಶ್ವಕಪ್ ಬಂತು. ಎಲ್ಲರಿಗೂ ಹಾಗೆ ಬರುತ್ತದೆ ಎಂದು ಹೇಳುತ್ತಿಲ್ಲ. ಸೋತ ರಾತ್ರಿಯ ಮೆದುಳು ಇಂಥ ತೀರ್ಮಾನಕ್ಕೆ ಒದಗುವುದಿಲ್ಲ ಎಂದಷ್ಟೇ.

ಆರು ವಾರದ ಆಚೆಗೆ ಒಂದು ದಿನ ಗೊತ್ತುಮಾಡಿ. ಅಲ್ಲಿಯವರೆಗೆ ಪ್ರಕಟಣೆ ಇಲ್ಲ. ಮೊದಲ ಎರಡು ವಾರ ನಿಮ್ಮ ಆಟ ಮುಟ್ಟಬೇಡಿ. ಈಜು, ನಡಿಗೆ, ಸೈಕಲ್ ನಡೆಯುತ್ತದೆ, ಪೂರ್ತಿ ಮಲಗಿಬಿಟ್ಟರೆ ಮನಸ್ಸೂ ಮಲಗುತ್ತದೆ. ಮೂರನೇ ವಾರದಿಂದ ಸ್ಪರ್ಧೆಯಿಲ್ಲದೆ ಆಡಿ. ಪ್ರತಿ ಸಂಜೆ ಒಂದೇ ಪ್ರಶ್ನೆಗೆ ಹತ್ತಕ್ಕೆ ಅಂಕ ಕೊಟ್ಟು ಬರೆದಿಡಿ, "ಇವತ್ತು ಆಡಬೇಕು ಅನ್ನಿಸಿತೇ?" ಆರನೇ ವಾರ ಆ ಅಂಕಗಳು ಏರುತ್ತಿದ್ದರೆ ನಿಮಗೆ ಬೇಡವಾದದ್ದು ಸೋಲು, ಆಟವಲ್ಲ. ಎರಡು ಮೂರರಲ್ಲೇ ಉಳಿದಿದ್ದರೆ, ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ಹೋಗುವುದೇ ಬೇಡವಾಗಿದ್ದರೆ, ಬಿಡುವ ಮಾತನ್ನು ಮನೆಯವರೊಡನೆ, ಕೋಚ್‌ರೊಡನೆ ನಿಧಾನವಾಗಿ ಆಡಿ.

ಪ್ರಶ್ನೆ: ಸೋತ ಫೈನಲ್‌ನ ವಿಡಿಯೊ ಮತ್ತೆ ನೋಡಬೇಕೇ?

ಆಟಗಾರರು ನೋಡಬೇಕು, ಅಭಿಮಾನಿಗಳಿಗೆ ಕಡ್ಡಾಯವಿಲ್ಲ. ಒಂದು ವಾರಕ್ಕೆ ಮುಂಚೆ ಬೇಡ, ಒಬ್ಬರೇ ಬೇಡ. ಕಾಮೆಂಟರಿಯ ಶಬ್ದ ಆರಿಸಿ, ಆ ಉದ್ವೇಗದ ದನಿಯೇ ಅರ್ಧ ನೋವು ತರುತ್ತದೆ. ಕೊನೆಯ ನಿಮಿಷಕ್ಕೆ ಜಿಗಿಯದೆ ಮೊದಲಿನಿಂದ ನೋಡಿ. ಕಾಗದದ ಎಡಕ್ಕೆ ಚೆನ್ನಾಗಿ ಆಡಿದ್ದು, ಬಲಕ್ಕೆ ತಪ್ಪಿದ್ದು ಬರೆಯುತ್ತ ಹೋಗಿ. ಎದೆ ಬಡಿತ ಏರಿ ಕೈ ಬೆವರಿದರೆ ಅಲ್ಲಿಗೇ ನಿಲ್ಲಿಸಿ ಎದ್ದು ನಡೆಯಿರಿ, ನಿಲ್ಲಿಸಿದ ನಿಮಿಷವನ್ನು ಗುರುತು ಹಾಕಿಕೊಳ್ಳಿ, ಮರುದಿನ ಅಲ್ಲಿಂದಲೇ ಮುಂದುವರಿಸಿ.